ಎರಡಕ್ಕೂ ‘ಆರ್’ ಎಂದಿದ್ದ ವರದಿ: ಔಷಧಕ್ಕೆ ಬಗ್ಗದ ಸೋಂಕಿನೊಡನೆ ನಮ್ಮ ಮನೆಯವರು ಕಳೆದ ವಾರಗಳು

ನಮ್ಮ ಅಪ್ಪಯ್ಯನ ರಕ್ತಕ್ಕೆ ಇಳಿದಿದ್ದ ಬ್ಯಾಕ್ಟೀರಿಯಾ ಕೊನೆಗೂ ಬಗ್ಗಿದ್ದು ಎರಡು ಆ್ಯಂಟಿಬಯಾಟಿಕ್‌ಗಳನ್ನು ಒಂದೇ ಹೊತ್ತಿಗೆ ಹರಿಸಿದಾಗ. ಪ್ರಯೋಗಾಲಯದ ವರದಿಯಲ್ಲಿ ಆ ಎರಡರ ಎದುರಿಗೂ ‘ಆರ್’ ಎಂದೇ ಇತ್ತು, ಅಂದರೆ ಎರಡಕ್ಕೂ ಬ್ಯಾಕ್ಟೀರಿಯಾ ಜಗ್ಗುವುದಿಲ್ಲ ಎಂದು. ಕೆಲಸ ಮಾಡದ ಎರಡು ಔಷಧಗಳು ಸೇರಿ ಕೆಲಸ ಮಾಡುವ ಚಿಕಿತ್ಸೆ ಹೇಗಾಗುತ್ತದೆ ಎಂಬುದು ಆ ದಿನ ನಮಗೂ ತಿಳಿಯಲಿಲ್ಲ, ವಿಮಾ ಕಂಪನಿಯವರಿಗೂ ತಿಳಿಯಲಿಲ್ಲ. ಚಿಕಿತ್ಸೆಯ ನಿರ್ಧಾರ ವೈದ್ಯರದೇ ಆದರೂ, ಕಾಗದ ಹೊಂದಿಸುವುದು, ಔಷಧ ಹುಡುಕುವುದು, ಸಹಿ ಹಾಕುವುದು, ಕಾಯುವುದು ಮನೆಯವರ ಪಾಲಿಗೆ ಬರುತ್ತದೆ. ಆ ಪಾಲಿನ ಕೆಲಸ ಹೇಗೆ ನಡೆಯಿತು ಎಂಬುದನ್ನು ನೆನಪು ಮಾಸುವ ಮುನ್ನ ಬರೆದಿಡುತ್ತಿದ್ದೇನೆ.

ಅಪ್ಪಯ್ಯನಿಗೆ ಎಪ್ಪತ್ತು ದಾಟಿದೆ. ತೀರ್ಥಹಳ್ಳಿಯ ಕಡೆ ಅಡಿಕೆ ತೋಟ, ಸ್ವಲ್ಪ ಗದ್ದೆ. ಮೂತ್ರನಾಳದಲ್ಲಿ ಸಿಕ್ಕಿಕೊಂಡಿದ್ದ ಕಲ್ಲನ್ನು ಒಂದು ಖಾಸಗಿ ಆಸ್ಪತ್ರೆಯಲ್ಲಿ ಒಡೆದು ತೆಗೆದು, ಒಳಗೆ ಡಿಜೆ ಸ್ಟೆಂಟ್ ಎಂಬ ತೆಳುವಾದ ನಳಿಕೆಯನ್ನಿಟ್ಟು, ಕೆಲವು ವಾರ ಬಿಟ್ಟು ಅದನ್ನು ತೆಗೆಸಿಕೊಳ್ಳಲು ಬನ್ನಿ ಎಂದು ಕಳುಹಿಸಿದ್ದರು. ಮನೆಗೆ ಬಂದು ವಾರ ಕಳೆಯುವಷ್ಟರಲ್ಲಿ, ಎರಡು ಕಂಬಳಿ ಹೊದಿಸಿದರೂ ನಿಲ್ಲದ ನಡುಕದೊಡನೆ ಜ್ವರ ಬಂತು. ಅದೇ ಆಸ್ಪತ್ರೆಗೆ ಮತ್ತೆ ಸೇರಿಸಿದೆವು. ಮೊದಲು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೊಟ್ಟರು, ಜ್ವರ ಇಳಿಯದಿದ್ದಾಗ ಮೆರೊಪೆನೆಮ್‌ಗೆ ಬದಲಿಸಿದರು. ರಕ್ತದ ಕಲ್ಚರ್‌ಗೆ, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆಗೆ, ಮಾದರಿ ತೆಗೆದದ್ದು ಇವೆಲ್ಲ ಆದ ಮೇಲೆ. ಆ್ಯಂಟಿಬಯಾಟಿಕ್ ರಕ್ತಕ್ಕೆ ಸೇರಿದ ಮೇಲೆ ತೆಗೆದ ಮಾದರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೆಯೂ ಇರಬಹುದು ಎಂಬ ಕಾರಣಕ್ಕೆ, ತೀರಾ ತಡವಾಗುವಂತಿಲ್ಲದಿದ್ದರೆ ಮೊದಲ ಡೋಸ್‌ಗೆ ಮುನ್ನವೇ ಎರಡು ಬೇರೆ ಬೇರೆ ಜಾಗಗಳಿಂದ ರಕ್ತ ತೆಗೆಯುವುದು ಪದ್ಧತಿ. ‘ಕಲ್ಚರ್‌ಗೆ ತೆಗೆದುಕೊಂಡಿರಾ?’ ಎಂದು ವಿನಯದಿಂದ ಕೇಳಲು ಯಾರೂ ಹಿಂಜರಿಯಬೇಕಾಗಿಲ್ಲ.

ಮೂರನೆಯ ದಿನಕ್ಕೆ ರಕ್ತದೊತ್ತಡ ಕುಸಿಯತೊಡಗಿತು, ಮೂತ್ರ ಕಡಿಮೆಯಾಯಿತು, ಮೂತ್ರಪಿಂಡ ಸೋಲುತ್ತಿದ್ದರೆ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಏರಿತು. ಬೆಂಗಳೂರಿಗೆ ಕರೆದೊಯ್ಯಿರಿ ಎಂದರು. ಆಂಬ್ಯುಲೆನ್ಸ್ ಹೊರಡುವ ಮುನ್ನ ತಂಗಿ ಮಾಡಿದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು: ಯಾವ ಆ್ಯಂಟಿಬಯಾಟಿಕ್, ಎಷ್ಟು ಪ್ರಮಾಣ, ಯಾವ ದಿನ ಎಷ್ಟು ಗಂಟೆಗೆ ಕೊಟ್ಟರು ಎಂಬುದನ್ನು ಸಿಸ್ಟರ್ ಬಳಿ ಕೇಳಿ ಒಂದು ಹಾಳೆಯಲ್ಲಿ ಬರೆಸಿಕೊಂಡಳು, ಕಲ್ಚರ್ ಮಾದರಿಯ ನಂಬರನ್ನೂ ಪ್ರಯೋಗಾಲಯದ ಫೋನ್ ನಂಬರನ್ನೂ ಅದರ ಕೆಳಗೆ ಸೇರಿಸಿದಳು. ಅವಸರದಲ್ಲಿ ಬರೆದ ಡಿಸ್ಚಾರ್ಜ್ ಸಾರಾಂಶದಲ್ಲಿ ‘ಐವಿ ಆ್ಯಂಟಿಬಯಾಟಿಕ್ಸ್ ಕೊಡಲಾಗಿದೆ’ ಎಂದಷ್ಟೇ ಇತ್ತು. ಬೆಂಗಳೂರಿನ ತುರ್ತು ವಿಭಾಗದಲ್ಲಿ ಮೊದಲು ಕೇಳಿದ್ದೇ ಆ ಹಾಳೆಯಲ್ಲಿದ್ದ ವಿವರಗಳನ್ನು.

ಅಲ್ಲಿ ಸಿಟಿ ಸ್ಕ್ಯಾನ್ ಮಾಡಿದಾಗ ಸ್ಟೆಂಟ್ ಕಟ್ಟಿಕೊಂಡು ಬಲ ಮೂತ್ರಪಿಂಡ ಮತ್ತೆ ಊದಿರುವುದು ಕಂಡಿತು. ಒಳಗೆ ನಿಂತಿರುವುದು ಬರೀ ಮೂತ್ರವಲ್ಲ, ಕೀವು. ಅದು ಹೊರಗೆ ಬಾರದೆ ಯಾವ ಔಷಧ ಕೊಟ್ಟರೂ ನಾಟುವುದಿಲ್ಲ ಎಂದು ಮೂತ್ರರೋಗ ತಜ್ಞರು ಸ್ಪಷ್ಟವಾಗಿ ಹೇಳಿದರು. ನಡುರಾತ್ರಿಯಲ್ಲೇ ಬೆನ್ನಿನ ಮೂಲಕ ಮೂತ್ರಪಿಂಡಕ್ಕೆ ಕೊಳವೆ ಹಾಕಿ ಕೀವನ್ನು ಚೀಲಕ್ಕೆ ಇಳಿಸಿದರು. ಆಮೇಲಿನ ದಿನಗಳಲ್ಲಿ ನಾವೆಲ್ಲ ‘ಆ ದೊಡ್ಡ ಇಂಜೆಕ್ಷನ್’ ಎಂದು ಔಷಧದ ಬಗ್ಗೆಯೇ ಮಾತಾಡಿಕೊಂಡೆವು. ಆದರೆ ನನ್ನ ಲೆಕ್ಕದಲ್ಲಿ ಜೀವ ಉಳಿಸಿದ ಅರ್ಧ ಪಾಲು ಆ ಕೊಳವೆಗೆ ಸಲ್ಲಬೇಕು. ನಳಿಕೆಯ ಒಳಮೈಗೆ ಪದರವಾಗಿ ಅಂಟಿಕೊಂಡು ಕುಳಿತ ಬ್ಯಾಕ್ಟೀರಿಯಾವನ್ನು ಔಷಧ ಸುಲಭವಾಗಿ ಮುಟ್ಟುವುದಿಲ್ಲವಾದ್ದರಿಂದ, ಸ್ಥಿತಿ ಸ್ವಲ್ಪ ಸುಧಾರಿಸಿದೊಡನೆ ಹಳೆಯ ಸ್ಟೆಂಟನ್ನೂ ತೆಗೆದು ಹೊಸದನ್ನು ಹಾಕಿದರು.

ಆ ರಾತ್ರಿ ನಾನು ಸಹಿ ಹಾಕಿದ ಒಪ್ಪಿಗೆ ಪತ್ರಗಳಲ್ಲಿ ಒಂದರಲ್ಲಿ ‘ಪ್ರಾಣಾಪಾಯದ ಸಾಧ್ಯತೆ ಹೆಚ್ಚು’ ಎಂದು ಬರೆದಿತ್ತು. ಐಸಿಯು ಹೊರಗಿನ ಕುರ್ಚಿಯಲ್ಲಿ ಕುಳಿತಿದ್ದ ಅಮ್ಮನಿಗೆ ಅದರಲ್ಲಿ ಏನಿದೆ ಎಂದು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ.

ಇನ್ನು ಕಾಯುವಿಕೆ. ರಕ್ತವನ್ನು ಬಾಟಲಿಗೆ ತುಂಬಿ ಯಂತ್ರದಲ್ಲಿಟ್ಟ ಮೇಲೆ ಬ್ಯಾಕ್ಟೀರಿಯಾ ಬೆಳೆದಿರುವ ಸೂಚನೆ ಸಾಮಾನ್ಯವಾಗಿ ಒಂದು ದಿನದ ಆಚೀಚೆ ಬರುತ್ತದೆ, ಅದು ಯಾವ ಜಾತಿಯದು ಎಂಬುದು ಮರುದಿನ, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದು ಅದರ ಮರುದಿನ. ಈ ಮೂರು ಸುದ್ದಿಗಳು ಒಟ್ಟಿಗೆ ಬರುವುದಿಲ್ಲ, ಕಂತಿನಲ್ಲಿ ಬರುತ್ತವೆ ಎಂದು ತಿಳಿದಿದ್ದರೆ ‘ವರದಿ ಬಂತಾ?’ ಎಂದು ಗಂಟೆಗೊಮ್ಮೆ ಕೌಂಟರಿಗೆ ಹೋಗುವ ಅಲೆದಾಟ ತಪ್ಪುತ್ತದೆ. ನಮಗೆ ಮೊದಲ ಕಂತಿನಲ್ಲಿ ‘ಗ್ರಾಮ್ ನೆಗೆಟಿವ್’ ಎಂಬ ಮಾತು ಬಂತು, ಅದು ಬ್ಯಾಕ್ಟೀರಿಯಾಗಳ ಒಂದು ದೊಡ್ಡ ಗುಂಪಿನ ಹೆಸರು. ಎರಡನೆಯದರಲ್ಲಿ ‘ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ’ ಎಂಬ ಹೆಸರು. ಹೆಸರಿನಲ್ಲಿ ನ್ಯುಮೋನಿಯ ಇದ್ದರೂ ಇದು ಶ್ವಾಸಕೋಶಕ್ಕೆ ಮಾತ್ರ ಬರುವುದಲ್ಲ. ಕರುಳಿನಲ್ಲಿ ತೊಂದರೆ ಕೊಡದೆ ಇರಬಲ್ಲ ಈ ಬ್ಯಾಕ್ಟೀರಿಯಾ ಮೂತ್ರಮಾರ್ಗಕ್ಕೂ ರಕ್ತಕ್ಕೂ ದಾಟಬಲ್ಲದು.

ಮೂರನೆಯ ಕಂತೇ ಆ ವರದಿ. ಉದ್ದಕ್ಕೆ ಔಷಧಗಳ ಪಟ್ಟಿ, ಪ್ರತಿಯೊಂದರ ಮುಂದೆ ‘ಎಸ್’ (ಬಗ್ಗುತ್ತದೆ), ‘ಐ’ (ನಡುವಿನದು) ಅಥವಾ ‘ಆರ್’ (ಬಗ್ಗುವುದಿಲ್ಲ). ಮೆರೊಪೆನೆಮ್ ಆರ್. ಅಮಿಕಾಸಿನ್ ಆರ್. ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಆರ್. ಅಜ್ಟ್ರಿಯೊನಾಮ್ ಆರ್. ಕೊಲಿಸ್ಟಿನ್ ಎದುರಿಗೆ ಮಾತ್ರ ‘ಐ’, ಟೈಗೆಸೈಕ್ಲಿನ್ ಎದುರಿಗೆ ‘ಎಸ್’. ಎಸ್ ಇರುವುದನ್ನೇ ಕೊಡಬಹುದಲ್ಲ ಎಂದು ನಾನು ಕೇಳಿದೆ. ಟೈಗೆಸೈಕ್ಲಿನ್ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲದೆ ಅಂಗಾಂಶಗಳಿಗೆ ಹೊರಟುಹೋಗುತ್ತದೆ, ಮೂತ್ರದಲ್ಲೂ ಬೇಕಾದಷ್ಟು ಸೇರುವುದಿಲ್ಲ, ಆದ್ದರಿಂದ ರಕ್ತದ ಸೋಂಕಿಗೂ ಮೂತ್ರದ ಸೋಂಕಿಗೂ ಅದನ್ನು ನೆಚ್ಚುವಂತಿಲ್ಲ ಎಂದರು ಸೋಂಕುರೋಗ ತಜ್ಞರು. ಕೊಲಿಸ್ಟಿನ್ ಎದುರಿನ ‘ಐ’ ನೋಡಿಯೂ ಅನೇಕರು ಗಾಬರಿಯಾಗುತ್ತಾರಂತೆ. ಅಮೆರಿಕದ ಮಾನದಂಡವನ್ನು ಅನುಸರಿಸುವ ಪ್ರಯೋಗಾಲಯಗಳು 2020ರಿಂದ ಈಚೆಗೆ ಕೊಲಿಸ್ಟಿನ್‌ಗೆ ‘ಎಸ್’ ಎಂದು ಬರೆಯುವುದನ್ನೇ ಬಿಟ್ಟಿವೆ. ಅಲ್ಲಿ ಸಿಗುವ ಅತ್ಯುತ್ತಮ ಅಂಕವೇ ‘ಐ’. ಹಾಗಿದ್ದರೂ ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡುವ ಹಳೆಯ ಔಷಧ. ಅಪ್ಪಯ್ಯನ ಕ್ರಿಯಾಟಿನಿನ್ ಆಗಲೇ ಎರಡರ ಮೇಲಿತ್ತು.

ವರದಿಯ ಕೊನೆಯಲ್ಲಿ ‘ಎನ್‌ಡಿಎಂ ಪತ್ತೆಯಾಗಿದೆ, ಆಕ್ಸಾ-48 ಪತ್ತೆಯಾಗಿದೆ’ ಎಂಬ ಎರಡು ಸಾಲುಗಳಿದ್ದವು. ಇದು ಬೇರೆಯದೇ ಪರೀಕ್ಷೆ, ನಿರೋಧಕ ಶಕ್ತಿಯ ಜೀನ್‌ಗಳನ್ನು ಗುರುತಿಸುವಂಥದು. ಯಂತ್ರಕ್ಕೆ ಹಾಕಿದ ಮೇಲೆ ಸುಮಾರು ಒಂದು ಗಂಟೆಯಲ್ಲಿ ಉತ್ತರ ಸಿಗುತ್ತದೆ. ಎಲ್ಲ ಆಸ್ಪತ್ರೆಗಳಲ್ಲೂ ತಾನಾಗಿಯೇ ಮಾಡುವುದಿಲ್ಲ, ಶುಲ್ಕವೂ ಬೇರೆ. ಮೆರೊಪೆನೆಮ್‌ಗೆ ‘ಆರ್’ ಬಂದಾಗ ಈ ಪರೀಕ್ಷೆ ಮಾಡಿಸಿದ್ದಾರೆಯೇ ಎಂದು ಕೇಳುವುದು ಒಳ್ಳೆಯದು, ಏಕೆಂದರೆ ನಮ್ಮ ಚಿಕಿತ್ಸೆ ತಿರುಗಿದ್ದು ಆ ಎರಡು ಸಾಲುಗಳ ಮೇಲೆಯೇ.

ಎನ್‌ಡಿಎಂ ಎಂಬುದು ಬ್ಯಾಕ್ಟೀರಿಯಾ ತಯಾರಿಸುವ ಒಂದು ಕಿಣ್ವ. 2008ರಲ್ಲಿ ಇದು ಮೊದಲು ಪತ್ತೆಯಾದದ್ದು ನವದೆಹಲಿಯಲ್ಲಿ ಆಸ್ಪತ್ರೆಗೆ ದಾಖಲಾಗಿ ಸ್ವೀಡನ್ನಿಗೆ ಮರಳಿದ್ದ ರೋಗಿಯೊಬ್ಬರಲ್ಲಿ. ಅಲ್ಲಿಯೂ ಇದೇ ಕ್ಲೆಬ್ಸಿಯೆಲ್ಲಾ, ಇದೇ ಮೂತ್ರಮಾರ್ಗದ ಸೋಂಕು. ಮೆರೊಪೆನೆಮ್‌ನಂಥ ಪ್ರಬಲ ಔಷಧಗಳನ್ನು ಅದು ಕತ್ತರಿಸಿ ನಿಷ್ಕ್ರಿಯಗೊಳಿಸುತ್ತದೆ. ಆದರೆ 1980ರ ದಶಕದಿಂದ ಬಳಕೆಯಲ್ಲಿರುವ ಅಜ್ಟ್ರಿಯೊನಾಮ್ ಎಂಬ ಔಷಧವನ್ನು ಎನ್‌ಡಿಎಂ ಕತ್ತರಿಸಲಾರದು. ಹಾಗಾದರೆ ಅದೊಂದನ್ನೇ ಕೊಟ್ಟರೆ ಸಾಲದೇ ಎಂದರೆ, ಸಾಲದು. ಎನ್‌ಡಿಎಂ ಇರುವ ಬ್ಯಾಕ್ಟೀರಿಯಾ ಬಹುಪಾಲು ಬೇರೆ ಕಿಣ್ವಗಳನ್ನೂ ಇಟ್ಟುಕೊಂಡಿರುತ್ತದೆ (ನಮ್ಮ ವರದಿಯ ಆಕ್ಸಾ-48 ಅಂಥದೊಂದು), ಅವುಗಳಲ್ಲಿ ಕೆಲವು ಅಜ್ಟ್ರಿಯೊನಾಮನ್ನು ಕತ್ತರಿಸುತ್ತವೆ. ಸೆಫ್ಟಾಜಿಡಿಮ್ ಜೊತೆಗೆ ಬರುವ ಅವಿಬ್ಯಾಕ್ಟಮ್ ಈ ಎರಡನೆಯ ಬಗೆಯ ಕಿಣ್ವಗಳನ್ನು ತಡೆಯುತ್ತದೆ, ಎನ್‌ಡಿಎಂ ಅನ್ನು ತಡೆಯಲಾರದು. ಹೀಗಾಗಿ ಅಜ್ಟ್ರಿಯೊನಾಮ್, ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಒಂಟಿಯಾಗಿ ಎರಡೂ ಸೋಲುತ್ತವೆ, ಜೊತೆಯಲ್ಲಿ ಗೆಲ್ಲುತ್ತವೆ. ಅಪ್ಪಯ್ಯನಿಗೆ ಕೊಟ್ಟ ಜೋಡಿ ಇದೇ. ಗುಣವಾದ ಮೇಲೆ ಇದನ್ನೆಲ್ಲ ಕೇಳಿಸಿಕೊಂಡ ಅಪ್ಪಯ್ಯ ತಮ್ಮ ತೋಟದ ಭಾಷೆಗೆ ಇಳಿಸಿಕೊಂಡರು: ಬೆಳೆದ ಅಡಿಕೆ ಮರಕ್ಕೆ ಹಂದಿಯಿಂದ ಭಯವಿಲ್ಲ, ಭಯ ಮಂಗನಿಂದ; ಮಂಗ ಕಾಯಲು ಒಬ್ಬನನ್ನಿಟ್ಟರೆ ಫಸಲು ಉಳಿಯುತ್ತದೆ. ಅವರ ಲೆಕ್ಕದಲ್ಲಿ ಎನ್‌ಡಿಎಂ ಹಂದಿ, ಅವಿಬ್ಯಾಕ್ಟಮ್ ಕಾವಲಿನ ಆಳು. ಸೋಂಕುರೋಗ ತಜ್ಞರ ವಿವರಣೆಗಿಂತ ಇದೇ ನನಗೆ ಚೆನ್ನಾಗಿ ನೆನಪುಳಿದಿದೆ.

ವಿವರಣೆ ಚೆನ್ನಾಗಿದ್ದರೂ ಇದೇ ಬ್ಯಾಕ್ಟೀರಿಯಾದ ಮೇಲೆ ಈ ಜೋಡಿ ಕೆಲಸ ಮಾಡುತ್ತದೆಯೇ ಎಂಬುದನ್ನು ಪ್ರಯೋಗಾಲಯದಲ್ಲಿ ನೋಡಿಯೇ ಖಚಿತಪಡಿಸಿಕೊಳ್ಳಬೇಕು. ಔಷಧವನ್ನು ತಡಮಾಡದೆ ಆರಂಭಿಸಿ, ಜೊತೆಯಲ್ಲೇ ಆ ಪರೀಕ್ಷೆಗೆ ಕಳುಹಿಸಿದರು. ಮೈಕ್ರೋಬಯಾಲಜಿಯ ವೈದ್ಯೆ ಅದರ ಫೋಟೋ ತೋರಿಸಿದರು: ದ್ರವ ತುಂಬಿದ ನಾಲ್ಕು ಕೊಳವೆಗಳು. ಒಂದರಲ್ಲಿ ಬ್ಯಾಕ್ಟೀರಿಯಾ ಮಾತ್ರ, ಇನ್ನೊಂದರಲ್ಲಿ ಅಜ್ಟ್ರಿಯೊನಾಮ್ ಬಿಲ್ಲೆ, ಮತ್ತೊಂದರಲ್ಲಿ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಬಿಲ್ಲೆ, ನಾಲ್ಕನೆಯದರಲ್ಲಿ ಎರಡೂ ಬಿಲ್ಲೆಗಳು. ರಾತ್ರಿ ಕಳೆದ ಮೇಲೆ ಮೊದಲ ಮೂರೂ ಕದಡಿದ ಅಕ್ಕಚ್ಚಿನ ಬಣ್ಣಕ್ಕೆ ತಿರುಗಿದ್ದವು, ನಾಲ್ಕನೆಯದು ತಿಳಿಯಾಗಿತ್ತು. ಇಷ್ಟು ವಾರಗಳಲ್ಲಿ ನನ್ನ ಕಣ್ಣಿಗೆ ಬಿದ್ದ ಮೊದಲ ಒಳ್ಳೆಯ ಸುದ್ದಿ ಅದು. ಎಲ್ಲರಿಗೂ ಹೀಗೇ ಆಗುತ್ತದೆ ಎನ್ನುವಂತಿಲ್ಲ ಎಂದೂ ಅವರು ಎಚ್ಚರಿಸಿದರು: ಭಾರತದಲ್ಲಿ ಕಾಣುವ, ಎನ್‌ಡಿಎಂ ಇರುವ ಇ. ಕೊಲೈ ಎಂಬ ಇನ್ನೊಂದು ಬ್ಯಾಕ್ಟೀರಿಯಾಗಳಲ್ಲಿ ಅನೇಕವು ಔಷಧ ಅಂಟಿಕೊಳ್ಳಬೇಕಾದ ಜಾಗವನ್ನೇ ಬದಲಿಸಿಕೊಂಡಿರುವುದರಿಂದ ಅವುಗಳ ಮೇಲೆ ಈ ಜೋಡಿಯ ಪ್ರಭಾವ ಕುಗ್ಗುತ್ತದೆ.

ಈ ಹೊತ್ತಿಗೆ ಭಾವ ಒಂದು ಪ್ರಶ್ನೆ ಎತ್ತಿದರು. ಕ್ಷಯಕ್ಕೆ ಮೊದಲ ತಿಂಗಳುಗಳಲ್ಲಿ ನಾಲ್ಕು ಔಷಧ ಒಟ್ಟಿಗೆ ಕೊಡುತ್ತಾರಲ್ಲ, ಹಾಗಾದರೆ ಇಲ್ಲಿಯೂ ಕೊಲಿಸ್ಟಿನ್, ಮೆರೊಪೆನೆಮ್ ಎಲ್ಲ ಸೇರಿಸಿಯೇ ಕೊಟ್ಟುಬಿಟ್ಟರೆ ಬಲ ಹೆಚ್ಚುವುದಿಲ್ಲವೇ ಎಂದು. ಕ್ಷಯದಲ್ಲಿ ಆ ನಾಲ್ಕೂ ತಮ್ಮಷ್ಟಕ್ಕೆ ಕೆಲಸ ಮಾಡುವ ಔಷಧಗಳು, ಒಂದಕ್ಕೆ ನಿರೋಧಕವಾದದ್ದು ಇನ್ನೊಂದಕ್ಕೆ ಸಿಕ್ಕಿ ಸಾಯಲಿ ಎಂಬುದು ಅಲ್ಲಿನ ಮುಖ್ಯ ಲೆಕ್ಕ. ಇಲ್ಲಿ ಹಾಗಲ್ಲ. ಕೊಲಿಸ್ಟಿನ್ ಜೊತೆ ಮೆರೊಪೆನೆಮ್ ಸೇರಿಸಿ ನೋಡಿದ, 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ 406 ರೋಗಿಗಳಿದ್ದರು; ಅವರಲ್ಲಿ ಹೆಚ್ಚಿನವರಿಗೆ ಇದ್ದದ್ದು ಅಸಿನಿಟೊಬ್ಯಾಕ್ಟರ್ ಎಂಬ ಬೇರೆ ಬ್ಯಾಕ್ಟೀರಿಯಾ. ಕೊಲಿಸ್ಟಿನ್ ಒಂದನ್ನೇ ಕೊಟ್ಟವರಿಗಿಂತ ಎರಡನ್ನೂ ಕೊಟ್ಟವರು ಹೆಚ್ಚು ಗುಣವಾಗಲಿಲ್ಲ. ಅದೇ ನಮ್ಮ ಜೋಡಿಯ ಬಗ್ಗೆ ಇಟಲಿ ಮತ್ತು ಗ್ರೀಸ್‌ನ ಆಸ್ಪತ್ರೆಗಳಿಂದ 2021ರಲ್ಲಿ ಬಂದ ವರದಿಯಲ್ಲಿ, ಇಂಥದೇ ಕಿಣ್ವಗಳಿದ್ದ ರಕ್ತದ ಸೋಂಕಿನ 102 ರೋಗಿಗಳಲ್ಲಿ, ಈ ಜೋಡಿ ಪಡೆದವರ ಪೈಕಿ 30 ದಿನಗಳೊಳಗೆ ತೀರಿಕೊಂಡವರು ಶೇ 19ರಷ್ಟು, ಇತರ ಔಷಧ ಪಡೆದವರ ಪೈಕಿ ಶೇ 44ರಷ್ಟು. ಯಾರಿಗೆ ಯಾವ ಔಷಧ ಎಂದು ಚೀಟಿ ಎತ್ತಿ ಹಂಚಿದ ಪ್ರಯೋಗ ಅದಲ್ಲವಾದರೂ ಆ ರಾತ್ರಿ ನಮಗೆ ಹಿಡಿದುಕೊಳ್ಳಲು ಅದೇ ಸಾಕಾಗಿತ್ತು. ಔಷಧಗಳನ್ನು ರಾಶಿ ಹಾಕುವುದಕ್ಕೂ ಕಿಣ್ವ ನೋಡಿ ಜೋಡಿಸುವುದಕ್ಕೂ ಇರುವ ಈ ಅಂತರ ಮನೆಯವರಿಗೆ ತಿಳಿದಿದ್ದರೆ, ‘ಇನ್ನೊಂದು ಹೈ ಡೋಸ್ ಹಾಕಿ ಸಾರ್’ ಎಂದು ವೈದ್ಯರನ್ನು ಒತ್ತಾಯಿಸುವ ಸಂದರ್ಭ ಬರುವುದಿಲ್ಲ.

ಔಷಧ ಹುಡುಕುವ ಕೆಲಸ ಬೇರೆಯದೇ ಅಧ್ಯಾಯ. ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಆಸ್ಪತ್ರೆಯ ಔಷಧದಂಗಡಿಯಲ್ಲೇ ಇತ್ತು. ಅಜ್ಟ್ರಿಯೊನಾಮ್ ಮಾತ್ರ ಒಂದು ದಿನಕ್ಕಾಗುವಷ್ಟೇ ಇತ್ತು; ಉಳಿದದ್ದಕ್ಕೆ ಚೀಟಿ ಹಿಡಿದು ಸಂಜೆಯೆಲ್ಲ ಅಲೆದು, ಕೊನೆಗೆ ಒಬ್ಬ ಸಗಟು ವ್ಯಾಪಾರಿಯ ಬಳಿ ಸಿಕ್ಕಿತು. ಕೋರ್ಸ್ ಪೂರ್ತಿಗೆ ಎಷ್ಟು ವಯಲ್ ಬೇಕಾಗಬಹುದು ಎಂದು ಮೊದಲ ದಿನವೇ ಕೇಳಿ, ಎರಡು ಮೂರು ದಿನಕ್ಕಾಗುವಷ್ಟು ಮುಂದಾಗಿ ತೆಗೆದಿಟ್ಟುಕೊಳ್ಳಬೇಕು; ಪೂರ್ತಿ ಕೋರ್ಸ್ ಒಮ್ಮೆಲೇ ಕೊಳ್ಳಬಾರದು, ಏಕೆಂದರೆ ಮೂತ್ರಪಿಂಡದ ಸ್ಥಿತಿ ನೋಡಿ ಡೋಸ್ ಬದಲಾಗುತ್ತಿರುತ್ತದೆ. ಹೊರಗೆ ಕೊಂಡರೆ ಬ್ಯಾಚ್ ನಂಬರ್ ಇರುವ ಬಿಲ್ ಮತ್ತು ವೈದ್ಯರ ಚೀಟಿಯ ಪ್ರತಿ ಎರಡೂ ಇರಲಿ, ಮುಚ್ಚಳ ತೆರೆಯದ ವಯಲ್‌ಗೆ ವಾಪಸಾತಿ ಉಂಟೇ ಎಂದು ಕೇಳಿಕೊಳ್ಳಿ. ಪೂರ್ಣ ಡೋಸ್‌ಗೆ ಬಂದ ಮೇಲೆ ಎರಡೂ ಸೇರಿ ನಮಗೆ ದಿನಕ್ಕೆ ಹದಿನೈದು ಸಾವಿರ ರೂಪಾಯಿಯ ಮೇಲಾಯಿತು. ಬೇರೆ ಬೇರೆ ಕಂಪನಿಗಳ ದರದಲ್ಲಿ ಬಹಳ ವ್ಯತ್ಯಾಸವಿತ್ತು, ಮುದ್ರಿತ ಬೆಲೆಗೂ ಅಂಗಡಿಯವರು ಕೊಟ್ಟ ಬೆಲೆಗೂ ಇನ್ನೂ ಹೆಚ್ಚು ವ್ಯತ್ಯಾಸವಿತ್ತು. ಅವಿಬ್ಯಾಕ್ಟಮ್ ಮತ್ತು ಅಜ್ಟ್ರಿಯೊನಾಮ್ ಎರಡನ್ನೂ ಒಂದೇ ವಯಲ್‌ನಲ್ಲಿ ಸೇರಿಸಿದ ಔಷಧಕ್ಕೆ ಯುರೋಪಿನಲ್ಲಿ 2024ರಲ್ಲೂ ಅಮೆರಿಕದಲ್ಲಿ 2025ರಲ್ಲೂ ಒಪ್ಪಿಗೆ ಸಿಕ್ಕಿದೆ. ನಮಗೆ ಕೊಟ್ಟದ್ದು ಎರಡು ಬೇರೆ ವಯಲ್‌ಗಳು, ಎರಡು ಬೇರೆ ಬಿಲ್‌ಗಳು.

ವಿಮೆಯ ಕಡೆಯಿಂದ ಬಂದ ಪ್ರಶ್ನೆ ಮೇಲ್ನೋಟಕ್ಕೆ ನ್ಯಾಯವಾದದ್ದೇ: ವರದಿಯಲ್ಲಿ ಎರಡಕ್ಕೂ ‘ಆರ್’ ಇರುವಾಗ ಆ ಔಷಧಗಳಿಗೆ ಏಕೆ ಹಣ ಕೊಡಬೇಕು? ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡಿಕೊಳ್ಳುವ ಟಿಪಿಎ ಕೌಂಟರಿನವರು ನಮ್ಮ ಕಡೆ ನೋಡಿದರು, ನಾವು ಅವರ ಕಡೆ ನೋಡಿದೆವು. ಕಲ್ಚರ್ ವರದಿ, ಜೀನ್ ಪರೀಕ್ಷೆಯ ವರದಿ, ನಾಲ್ಕು ಕೊಳವೆಗಳ ಪರೀಕ್ಷೆಯ ಫಲಿತಾಂಶ, ಜೊತೆಗೆ ಸೋಂಕುರೋಗ ತಜ್ಞರು ಲೆಟರ್‌ಹೆಡ್‌ನಲ್ಲಿ ಅರ್ಧ ಪುಟದಷ್ಟು ಬರೆದುಕೊಟ್ಟ ಸಮರ್ಥನೆ, ಇವನ್ನು ಸೇರಿಸಿ ಕಳುಹಿಸಿದ ಮೇಲೆ ಒಪ್ಪಿಗೆ ಬಂತು. ಈ ಪತ್ರವನ್ನು ಪ್ರಶ್ನೆ ಬರುವ ಮೊದಲೇ ಕೇಳಿ ಪಡೆದಿಟ್ಟುಕೊಂಡರೆ ಒಂದೆರಡು ದಿನದ ಆತಂಕ ಉಳಿಯುತ್ತದೆ. ಗೌನು, ಕೈಗವಸುಗಳಂಥ ಬಳಸಿ ಎಸೆಯುವ ವಸ್ತುಗಳ ಬಿಲ್ಲನ್ನು ನಮ್ಮ ಪಾಲಿಸಿ ಭರಿಸಲಿಲ್ಲ. ಪ್ರತ್ಯೇಕ ಕೊಠಡಿಯಲ್ಲಿಟ್ಟಾಗ ಇದು ಸಣ್ಣ ಮೊತ್ತವಲ್ಲ.

ಚಿಕಿತ್ಸೆ ಕೊಡುವ ಕ್ರಮವನ್ನು ನೋಡುತ್ತ ಕುಳಿತವರಿಗೆ ಒಂದು ವಿಷಯ ಎದ್ದು ಕಾಣುತ್ತದೆ. ಎರಡು ಪಂಪ್‌ಗಳಲ್ಲಿ ಎರಡೂ ಔಷಧಗಳು ಒಂದೇ ಗಂಟೆಗೆ ಆರಂಭವಾಗಿ ಎರಡು ಗಂಟೆಗಳ ಕಾಲ ನಿಧಾನವಾಗಿ ಹರಿಯುತ್ತವೆ. ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ಮಧ್ಯಾಹ್ನ ಕೊಟ್ಟರೆ ಕಾವಲು ಇಲ್ಲದ ಹೊತ್ತಿನಲ್ಲಿ ಅಜ್ಟ್ರಿಯೊನಾಮ್ ವ್ಯರ್ಥವಾಗಬಹುದು ಎಂಬುದು ಕಾರಣ. ಡ್ಯೂಟಿ ಬದಲಾಗುವ ಹೊತ್ತಿನಲ್ಲಿ ಇದನ್ನು ತಪ್ಪದೆ ಒಬ್ಬರಿಂದೊಬ್ಬರಿಗೆ ದಾಟಿಸಿದ ಸಿಸ್ಟರ್‌ಗಳನ್ನು ನಾವು ಮರೆಯಲಾರೆವು. ಪೆನಿಸಿಲಿನ್ ಅಲರ್ಜಿ ಇರುವವರಿಗೂ ಅಜ್ಟ್ರಿಯೊನಾಮ್ ಸಾಮಾನ್ಯವಾಗಿ ಒಗ್ಗುತ್ತದೆ, ಸೆಫ್ಟಾಜಿಡಿಮ್‌ಗೆ ಅಲರ್ಜಿ ಇದ್ದರೆ ಮಾತ್ರ ಎಚ್ಚರ ಬೇಕು. ಆದ್ದರಿಂದ ಹಿಂದೆ ಯಾವ ಇಂಜೆಕ್ಷನ್‌ಗೆ ಮೈ ಕಡಿತ ಬಂದಿತ್ತು ಎಂಬುದನ್ನು ನೆನಪಿಸಿಕೊಂಡು ಹೇಳಬೇಕು. ಯಕೃತ್ತಿನ ಪರೀಕ್ಷೆಯಲ್ಲಿ ಅಂಕಿಗಳು ಸ್ವಲ್ಪ ಏರಿದವು, ಔಷಧ ನಿಂತ ಮೇಲೆ ಇಳಿದವು. ನಡುವೆ ಒಂದು ರಾತ್ರಿ ಅಪ್ಪಯ್ಯ ಹಾಸಿಗೆಯಲ್ಲೇ ಅಡಿಕೆ ಕೊಯ್ಯುವ ಕೊನೆಗೌಡರನ್ನು ಕೂಗಿ ಗೊನೆ ಇಳಿಸಲು ಹೇಳತೊಡಗಿದರು, ಕೈಗಳು ಹಠಾತ್ತನೆ ನೆಗೆಯುತ್ತಿದ್ದವು. ಐಸಿಯುನಲ್ಲಿ ವಯಸ್ಸಾದವರಿಗೆ ಹೀಗಾಗುವುದುಂಟು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಮೂತ್ರಪಿಂಡ ಕುಗ್ಗಿದವರಲ್ಲಿ ಸೆಫ್ಟಾಜಿಡಿಮ್ ಹೆಚ್ಚಾದರೂ ಇದೇ ಲಕ್ಷಣ ಕಾಣುತ್ತದೆ ಎಂದು ವೈದ್ಯರು ಅಂದಿನ ಕ್ರಿಯಾಟಿನಿನ್ ನೋಡಿ ಡೋಸ್ ಸರಿಪಡಿಸಿದರು. ಎರಡು ದಿನಗಳಲ್ಲಿ ಮಾತು ಹಿಡಿತಕ್ಕೆ ಬಂತು. ಇಂಥ ಬದಲಾವಣೆ ಕಂಡರೆ ರಾತ್ರಿ ಎಷ್ಟೇ ಹೊತ್ತಾಗಿರಲಿ ತಿಳಿಸಬೇಕು. ರೋಗಿ ಸಾಮಾನ್ಯವಾಗಿ ಹೇಗೆ ಮಾತಾಡುತ್ತಾರೆ ಎಂಬುದು ಮನೆಯವರಿಗೆ ಮಾತ್ರ ಗೊತ್ತಿರುತ್ತದೆ.

ಬಾಗಿಲಿಗೆ ಪ್ರತ್ಯೇಕತೆಯ ಫಲಕ ತಗುಲಿಹಾಕಿದ ದಿನ ಅಮ್ಮ ಬಹಳ ನೊಂದುಕೊಂಡರು. ಗೌನು, ಕೈಗವಸು ಇಲ್ಲದೆ ಮುಟ್ಟುವಂತಿಲ್ಲ ಎಂಬುದು ಅವರಿಗೆ ಅವಮಾನದಂತೆ ಕಂಡಿತು. ಇದು ಗಾಳಿಯಲ್ಲಿ ಹರಡುವ ರೋಗವಲ್ಲ, ಕೈಗಳ ಮೂಲಕ ಪಕ್ಕದ ಹಾಸಿಗೆಯ ನಿಶ್ಶಕ್ತ ರೋಗಿಗೆ ದಾಟಬಾರದೆಂಬ ಮುನ್ನೆಚ್ಚರಿಕೆ ಎಂದು ಸಿಸ್ಟರ್ ಒಬ್ಬರು ಪಕ್ಕದಲ್ಲಿ ಕುಳಿತು ಹೇಳಿದ ಮೇಲೆ ಸ್ವಲ್ಪ ಸಮಾಧಾನವಾಯಿತು.

ಜೋಡಿ ಔಷಧ ಆರಂಭವಾಗಿ ಮೂರು ನಾಲ್ಕು ದಿನಗಳಲ್ಲಿ ಜ್ವರ ಇಳಿಯಿತು, ರಕ್ತದೊತ್ತಡದ ಔಷಧವನ್ನು ಹಂತಹಂತವಾಗಿ ನಿಲ್ಲಿಸಿದರು. ಮತ್ತೆ ತೆಗೆದ ರಕ್ತದ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಎರಡು ವಾರದಷ್ಟು ಔಷಧ ಕೊಟ್ಟು, ಬೆನ್ನಿನ ಕೊಳವೆ ತೆಗೆದು, ಮನೆಗೆ ಕಳುಹಿಸಿದರು. ಈ ಜೋಡಿಗೆ ಬದಲಾಗಿ ಮನೆಯಲ್ಲಿ ನುಂಗುವ ಮಾತ್ರೆ ಅಪ್ಪಯ್ಯನ ವರದಿಯಲ್ಲಿ ಯಾವುದೂ ಇರಲಿಲ್ಲ. ದಿನಕ್ಕೆ ಮೂರು ಬಾರಿ ಡ್ರಿಪ್ ಬೇಕಾದ್ದರಿಂದ ಕೊನೆಯ ಡೋಸ್‌ವರೆಗೂ ಆಸ್ಪತ್ರೆಯಲ್ಲೇ ಇರಬೇಕಾಯಿತು. ಖರ್ಚಿನ ಅಂದಾಜು ಹಾಕುವವರು ಇದನ್ನು ಗಮನದಲ್ಲಿಡಬೇಕು.

ಮನೆಗೆ ಬಂದ ಮೇಲೂ ಒಂದು ಗೊಂದಲ ಕಾದಿತ್ತು. ಸ್ಟೆಂಟ್ ತೆಗೆಸುವ ಮುನ್ನ ಮಾಡಿಸಿದ ಮೂತ್ರದ ಕಲ್ಚರ್‌ನಲ್ಲಿ ಅದೇ ಕ್ಲೆಬ್ಸಿಯೆಲ್ಲಾ ಮತ್ತೆ ಬೆಳೆಯಿತು. ಅಮ್ಮ ಆ ಕಾಗದ ನೋಡಿ ಕುಸಿದು ಕುಳಿತರು. ಜ್ವರ, ನಡುಕ, ಉರಿಮೂತ್ರ ಯಾವುದೂ ಇಲ್ಲದಿರುವಾಗ ವರದಿಯ ಕಾರಣಕ್ಕೇ ಮತ್ತೆ ದೀರ್ಘ ಕೋರ್ಸ್ ಕೊಡುವುದಿಲ್ಲ, ಸ್ಟೆಂಟ್ ಒಳಗಿರುವವರೆಗೆ ಹೀಗೆ ಬೆಳೆಯುವುದು ಸಾಮಾನ್ಯ ಎಂದು ತಜ್ಞರು ವಿವರಿಸಿದರು. ಸ್ಟೆಂಟ್ ತೆಗೆಯುವ ಹೊತ್ತಿಗೆ ಮಾತ್ರ ರಕ್ಷಣೆಗೆಂದು ಅದೇ ಜೋಡಿಯನ್ನು ಚಿಕ್ಕದಾಗಿ ಕೊಟ್ಟರು. ಇಂಥ ಬ್ಯಾಕ್ಟೀರಿಯಾ ಕರುಳಿನಲ್ಲಿ ತಿಂಗಳುಗಟ್ಟಲೆ ಉಳಿಯಬಹುದಾದ್ದರಿಂದ, ದಾಖಲಾಗುವಾಗಲೇ ‘ಹಿಂದೆ ಎನ್‌ಡಿಎಂ ಬಂದಿತ್ತು’ ಎಂದು ಕೌಂಟರಿನಲ್ಲಿ ಹೇಳಿದೆವು. ಹಾಗೆ ಹೇಳಿದ್ದರಿಂದ ನಮ್ಮನ್ನು ಆ ದಿನದ ಪಟ್ಟಿಯ ಕಟ್ಟಕಡೆಗೆ ತಳ್ಳಿದರು. ನಮ್ಮ ನಂತರ ಕೊಠಡಿಯನ್ನು ಪೂರ್ತಿ ಶುಚಿಗೊಳಿಸಲು ಅನುಕೂಲವಾಗಲಿ ಎಂದು. ಬೆಳಿಗ್ಗೆಯಿಂದ ಹಸಿದು ಕುಳಿತಿದ್ದ ಅಪ್ಪಯ್ಯ ಸಂಜೆಯ ಹೊತ್ತಿಗೆ ಸಿಡಿಮಿಡಿಗೊಂಡಿದ್ದರು. ಇದೇ ದಾರಿಯಲ್ಲಿರುವವರು ಬೆಳಗಿನ ಸಮಯ ಕೊಟ್ಟಿದ್ದಾರೆಂದು ನಂಬಿ ರಾತ್ರಿಯಿಂದಲೇ ಉಪವಾಸ ಇಡುವ ಬದಲು, ಪಟ್ಟಿಯಲ್ಲಿ ಎಷ್ಟನೆಯವರು, ಎಷ್ಟು ಗಂಟೆಯವರೆಗೆ ತಿಂಡಿ ತಿನ್ನಬಹುದು ಎಂದು ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಳ್ಳಿ.